ಗೆಳೆಯಾ, ತೊಂದರೆ ಕೈಯಲ್ಲಿಲ್ಲ, ಪಾದದಲ್ಲಿದೆ

ಗೆಳೆಯಾ,

ನೀನು ಗಾಲ್ಫ್ ಆಡಿ ಕಳಿಸಿದ ವಿಡಿಯೋ ಎಂಟು ಹತ್ತು ಸಲ ನೋಡಿದೆ. ಕೊನೆಗೆ ಚೆಂಡಿನ ಕಡೆ ನೋಡೋದನ್ನೇ ಬಿಟ್ಟು ನಿನ್ನ ಬೆಲ್ಟು ಮತ್ತು ಶೂ ಮಾತ್ರ ನೋಡಿದೆ. ಆಗ ಗೊತ್ತಾಯಿತು. ಹಿಡಿತ ಬದಲಿಸು, ಮೊಣಕೈ ಮಡಚಬೇಡ ಅಂತ ಎಲ್ಲರೂ ನಿನ್ನ ತಲೆ ತಿನ್ನುತ್ತಿರೋದು ಸುಮ್ನೆ.

ಕ್ಲಬ್, ಅಂದರೆ ಹೊಡೆಯೋ ಕೋಲು, ನಿನ್ನ ತಲೆಗಿಂತ ಮೇಲೆ ಹೋದ ಕ್ಷಣಕ್ಕೆ ವಿಡಿಯೋ ನಿಲ್ಲಿಸು. ಎಡ ಮೊಣಕಾಲು ಮುಂದಕ್ಕೆ ಬಾಗಿದೆ, ಎಡಭುಜ ಕುಸಿದಿದೆ, ತಲೆ ಗುರಿಯ ಕಡೆ ವಾಲಿದೆ. ಬಲಗಾಲು ಕೋಲಿನ ಹಾಗೆ ನೆಟ್ಟಗೆ. ಬಲಕ್ಕೆ ಹೋಗಬೇಕಾದ ಭಾರ ಎಡಗಾಲ ಮೇಲೆ ಕೂತಿದೆ. ರಿವರ್ಸ್ ಪಿವಟ್ ಅನ್ನೋದು ಇದನ್ನೇ. ಕ್ಲಬ್ ಕೆಳಗೆ ಬರುವಾಗ ಆ ಭಾರ ಇನ್ನೆಲ್ಲಿಗೆ ಹೋಗಬೇಕು ಹೇಳು? ಹಿಂದಕ್ಕೇ ಅಲ್ವಾ? ಹೊಡೆದ ಮೇಲೆ ತಡವರಿಸಿ ಬಲಗಾಲನ್ನು ಒಂದು ಹೆಜ್ಜೆ ಹಿಂದಿಟ್ಟಿದ್ದೀಯ ನೋಡು.

ಒಮ್ಮೆ ನೆಲಕ್ಕೆ ಬಡಿಯುತ್ತೆ, ಇನ್ನೊಮ್ಮೆ ಚೆಂಡಿನ ನೆತ್ತಿ ಸವರುತ್ತೆ ಅಂತ ಬರೆದಿದ್ದೀಯ. ಎರಡೂ ಒಂದೇ ಕಾಯಿಲೆ. ಭಾರ ಹಿಂದೆ ಉಳಿದರೆ ಸ್ವಿಂಗಿನ (ಕ್ಲಬ್ ಬೀಸೋ ಕಮಾನಿನ) ಕೆಳತುದಿಯೂ ಚೆಂಡಿಗಿಂತ ಹಿಂದೆ ಬೀಳುತ್ತದೆ. ಕ್ಲಬ್ ಅಲ್ಲೇ ಮಣ್ಣಿಗೆ ತಾಗಿದರೆ ಫ್ಯಾಟ್. ಅಲ್ಲಿ ತಪ್ಪಿಸಿಕೊಂಡು ಮೇಲೇಳುತ್ತಾ ಬಂದರೆ ಟಾಪ್.

ನನ್ನ ಕಥೆ ಉಲ್ಟಾ. 'ಭಾರ ಬಲಕ್ಕೆ ಹಾಕು' ಅಂತ ಯಾರೋ ಹೇಳಿದ್ದನ್ನು ನಂಬಿ ಮೈ ತಿರುಗಿಸುವ ಬದಲು ಸೊಂಟವನ್ನೇ ಬಲಕ್ಕೆ ಜಾರಿಸುತ್ತಿದ್ದೆ. ಭಾರ ಬಲಪಾದದ ಹೊರ ಅಂಚಿಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕ್ಲಬ್ ಮೇಲಿಂದ ಚೆಂಡಿಗೆ ಇಳಿಯೋದು ಸುಮಾರು ಕಾಲು ಸೆಕೆಂಡಿನಲ್ಲಿ. ಅಷ್ಟರಲ್ಲಿ ಅಲ್ಲಿಂದ ವಾಪಸ್ ಬರೋದು ಹೇಗೆ? ಕೊನೆಗೆ ಬಲಗಾಲಿನ ಶೂನ ಹೊರ ಅಂಚಿನ ಕೆಳಗೆ ಒಂದು ಚೆಂಡು ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದೆ. ಪಾದ ಹೊರಗೆ ವಾಲೋಕೆ ಆಗದೆ ಭಾರ ಒಳಬದಿಯಲ್ಲೇ, ಹಿಮ್ಮಡಿಯ ಹತ್ತಿರ ನಿಂತಿತು.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ತಲೆಗೆ ಹೋಯಿತು. ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಎತ್ತೋದು) ಪೂರ್ತಿ ಮುಗಿಸಿ, ಆಮೇಲೆ ಎಡಕ್ಕೆ ಹೋಗೋದಲ್ಲ. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಪಾದ ನೆಲವನ್ನು ಒತ್ತೋಕೆ ಶುರು ಮಾಡಿರಬೇಕು. ದೂರಕ್ಕೆ ಕಲ್ಲು ಎಸೆಯುವವನನ್ನು ನೋಡು. ಕೈ ಇನ್ನೂ ಹಿಂದೆ ಇರುತ್ತದೆ, ಎಡಗಾಲು ಆಗಲೇ ಮುಂದೆ ಊರಿರುತ್ತದೆ. ಯಾರೂ ಅವನಿಗೆ ಅದನ್ನು ಕಲಿಸಿರೋದಿಲ್ಲ.

ಅದಕ್ಕೇ ನೀನು ಮುಖ್ಯವಾಗಿ ಮಾಡಬೇಕಾದ ಅಭ್ಯಾಸ ಒಂದೇ. ಪಾದ ಎರಡೂ ಜೋಡಿಸಿ ನಿಲ್ಲು. ಸೆವೆನ್ ಐರನ್ (ಲೋಹದ ತಲೆಯ, ಮಧ್ಯಮ ದೂರದ ಕ್ಲಬ್) ತಗೊಂಡು ಹಿಂದಕ್ಕೆ ಎತ್ತು. ಎತ್ತುವಾಗ ಬಲಪಾದದ ಒಳಬದಿ ನೆಲಕ್ಕೆ ಒತ್ತಿದ್ದು ಗೊತ್ತಾಗಬೇಕು. ಕ್ಲಬ್ ಸೊಂಟ ದಾಟಿ ಇನ್ನೂ ಮೇಲೆ ಹೋಗುತ್ತಿರುವಾಗ, ಅದು ನಿಲ್ಲೋಕೆ ಮುಂಚೆಯೇ, ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಟ್ಟು ಹೊಡೆ. ಮೊದಲ ಇಪ್ಪತ್ತು ಸಲ ಚೆಂಡೇ ಬೇಡ. ಮೊದಮೊದಲು ಕುಣಿದ ಹಾಗೆ ಅನಿಸುತ್ತದೆ, ನಾಚಿಕೊಳ್ಳಬೇಡ. ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳಾದ ಮೇಜರ್‌ಗಳನ್ನು 9 ಸಲ ಗೆದ್ದ ಗ್ಯಾರಿ ಪ್ಲೇಯರ್ ಹೊಡೆದ ರಭಸಕ್ಕೆ ಬಲಗಾಲು ಎತ್ತಿ ಚೆಂಡಿನ ಹಿಂದೆಯೇ ನಡೆದುಬಿಡುತ್ತಿದ್ದರು.

ಆಮೇಲೆ ನೆಲದ ಮೇಲೆ ಒಂದು ಗೆರೆ ಎಳೆದು, ಗೆರೆಯ ಮೇಲೆ ಚೆಂಡು ಇದೆ ಅಂದುಕೊಂಡು ಬೀಸು. ಐರನ್ನಿನಲ್ಲಿ ಡಿವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಗೆರೆಯಿಂದ ಗುರಿಯ ಕಡೆಗೆ ಬೀಳಬೇಕು. ಗೆರೆಯ ಹಿಂದೆ ಹುಲ್ಲು ಕಿತ್ತರೆ ಭಾರ ಇನ್ನೂ ಬಲಗಾಲ ಮೇಲೇ ಇದೆ ಅಂತ ಅರ್ಥ.

ಸ್ಟ್ಯಾಕ್ ಅಂಡ್ ಟಿಲ್ಟ್ ಅಂತ ಒಂದು ಪದ್ಧತಿ ಇದೆ. ಅದರಲ್ಲಿ ಭಾರ ಮೊದಲಿಂದಲೂ ಎಡಗಾಲ ಮೇಲೇ ಜಾಸ್ತಿ. 'ನಾನು ಮಾಡೋದೂ ಅದೇ' ಅಂತ ನೀನು ವಾದ ಹೂಡುತ್ತೀಯ, ಗೊತ್ತು. ಅದರಲ್ಲಿ ಹೊಡೆಯುವಾಗ ಭಾರ ಹಿಂದಕ್ಕೆ ಓಡೋದಿಲ್ಲ ಮಾರಾಯ.

ನಿನ್ನಲ್ಲಿ ಓಡೋದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನ್ನ ಅನುಮಾನ. ಚೆಂಡನ್ನು ಗಾಳಿಗೆ ಎತ್ತಬೇಕು ಅನ್ನೋ ಆಸೆ. ಹಿಂದಕ್ಕೆ ವಾಲಿ ಗೋರಿ ಎತ್ತೋ ಥರ ಹೊಡೆಯುತ್ತೀಯ. ಸೆವೆನ್ ಐರನ್ನಿನ ಮುಖ ಸುಮಾರು 30 ಡಿಗ್ರಿ ಓರೆಯಾಗಿಯೇ ಇರುತ್ತದೆ. ಎತ್ತೋ ಕೆಲಸ ಅದರದ್ದು. ತುಂಬಾ ದೂರ ಹೊಡೆಯೋ ಉದ್ದನೆಯ ಕ್ಲಬ್ಬಾದ ಡ್ರೈವರ್ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಚೆಂಡು ಟೀ ಅನ್ನೋ ಸಣ್ಣ ಗೂಟದ ಮೇಲೆ, ಎಡ ಹಿಮ್ಮಡಿಯ ನೇರಕ್ಕೆ ಇರುತ್ತದೆ, ತಲೆ ಚೆಂಡಿನ ಹಿಂದೆ ಉಳಿಯುತ್ತದೆ. ಆದರೂ ಪಾದದ ಒತ್ತಡ ಎಡಕ್ಕೇ ಹೋಗಬೇಕು. ಸದ್ಯಕ್ಕೆ ಡ್ರೈವರ್ ಬ್ಯಾಗಿನಲ್ಲೇ ಇರಲಿ.

ಪ್ರತಿ ಹೊಡೆತದ ಕೊನೆಯಲ್ಲಿ ಹಾಗೇ ನಿಂತು ಮೂರು ಎಣಿಸಿ, ಬಲಗಾಲನ್ನು ನೆಲದಿಂದ ಎತ್ತಿ ನೋಡು. ಬೀಳದೆ ಎತ್ತೋಕೆ ಬಂದರೆ ಭಾರ ಎಡಕ್ಕೆ ಬಂದಿದೆ.

ಎರಡು ವಾರ ಬಿಟ್ಟು ಇನ್ನೊಂದು ವಿಡಿಯೋ ಕಳಿಸು. ಈ ಸಲದ ಹಾಗೇ ಎದುರಿನಿಂದ ತೆಗೆ, ಶೂ ಪೂರ್ತಿ ಕಾಣಲಿ. ಚೆಂಡು ಎಲ್ಲಿಗೆ ಹೋಯಿತು ಅಂತ ತೋರಿಸೋದು ಬೇಡ.

ನಿನ್ನ ಗೆಳೆಯ