ಸ್ಕ್ರಮ್ ತಂಡದಲ್ಲಿ ಯಾರ ಹೊಣೆ ಏನು?

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕೆಲಸಕ್ಕೆ ಸೇರಿದವರು ಅಜೈಲ್ ಅನ್ನೋ ಸಾಫ್ಟ್‌ವೇರ್ ತಯಾರಿಸುವ ರೀತಿಯ ಬಗ್ಗೆ ಕೇಳ್ತಾ ಇದ್ದೀರಿ, ಅದಕ್ಕೇ ಈ ಟಿಪ್ಪಣಿ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಎಲ್ಲವನ್ನೂ ಮುಗಿಸಿ ಕೊನೆಗೆ ತೋರಿಸುವ ಬದಲು, ಸ್ವಲ್ಪ ಸ್ವಲ್ಪವೇ ಮಾಡಿ, ಗ್ರಾಹಕರಿಗೆ ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವುದು ಇದರ ತಿರುಳು.

ಅಜೈಲ್ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಸ್ಕ್ರಮ್. ಇದರಲ್ಲಿ ಕೆಲಸವನ್ನ ಸ್ಪ್ರಿಂಟ್ ಅನ್ನೋ ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡ್ತಾರೆ. ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು. ಎರಡು ವಾರ ಸಾಮಾನ್ಯ. ಯಾವ ಕೆಲಸ ಮೊದಲು ಅನ್ನೋದನ್ನ ಪ್ರಾಡಕ್ಟ್ ಓನರ್, ಅಂದ್ರೆ ಉತ್ಪನ್ನದ ಹೊಣೆ ಹೊತ್ತವರು, ತೀರ್ಮಾನಿಸ್ತಾರೆ. ಆದರೆ ಒಂದು ಸ್ಪ್ರಿಂಟ್‌ಗೆ ಎಷ್ಟು ಕೆಲಸ ತಗೋಬೇಕು ಅನ್ನೋದು ಡೆವಲಪರ್‌ಗಳ ತೀರ್ಮಾನ. ಇದನ್ನ ದಯವಿಟ್ಟು ಬಿಟ್ಟುಕೊಡಬೇಡಿ. ಟೆಸ್ಟಿಂಗ್ ಮಾಡುವವರೂ ಈ ಲೆಕ್ಕದಲ್ಲಿ ಡೆವಲಪರ್‌ಗಳೇ. ಸ್ಕ್ರಮ್ ಮಾಸ್ಟರ್ ಅಂದ್ರೆ ಮ್ಯಾನೇಜರ್ ಅಲ್ಲ. ತಂಡದ ದಾರಿಗೆ ಅಡ್ಡ ಬಂದಿದ್ದನ್ನ ಸರಿಸೋಕೆ ನೆರವಾಗುವವರು.

ಸ್ಕ್ರಮ್‌ನಲ್ಲಿ ದಿನಾ ನಡೆಯೋ 15 ನಿಮಿಷದ ಸಭೆಯಲ್ಲಿ "ಲಾಗಿನ್ ಪುಟಕ್ಕೆ ಓಟಿಪಿ ಬರ್ತಿಲ್ಲ, ಸರ್ವರ್ ತಂಡದ ಉತ್ತರಕ್ಕೆ ಕಾಯ್ತಿದ್ದೀನಿ" ಅಂದ್ರೆ ಯಾರಾದ್ರೂ ಕೈಜೋಡಿಸಬಹುದು. "ನಿನ್ನೆಯದ್ದೇ ಮುಂದುವರಿಸ್ತಿದ್ದೀನಿ" ಅಂದ್ರೆ ಯಾರಿಗೂ ಏನೂ ತಿಳಿಯಲ್ಲ. ಪರಿಹಾರದ ಚರ್ಚೆಯನ್ನ ಆಮೇಲೆ ಸಂಬಂಧಪಟ್ಟವರಷ್ಟೇ ಕೂತು ಮಾಡಿ.

ನಿಮ್ಮ ತಂಡದಲ್ಲಿ ಹೇಗೆ ನಡೀತಿದೆ ಅಂತ ಇಲ್ಲೇ ಬರೀರಿ. ಕಂಪನಿ, ಗ್ರಾಹಕರ ಹೆಸರು ಮಾತ್ರ ಬೇಡ.