ನೋವಾ ಕಾರಿಗೆ ವಿ-8 ಕೂರಿಸುವ ಮುನ್ನ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು 1970ರ ಶೆವ್ರೊಲೆ ನೋವಾ ಕಾರು ಕೊಂಡ ಸುದ್ದಿ ಓದಿ ಬಹಳ ಸಂತೋಷವಾಯಿತು. ಅದರಲ್ಲಿರುವ 250 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ ಇಳಿಸಿ, ಗುಜರಿಯಲ್ಲಿ ಸಿಕ್ಕಿದ 400 ಘನ ಇಂಚಿನ ವಿ-8 (ಎಂಟು ಸಿಲಿಂಡರಿನ ಎಂಜಿನ್) ಕೂರಿಸುವೆನೆಂದು ಬರೆದಿದ್ದೀಯೆ. ಬೇಡವೆನ್ನುವುದಿಲ್ಲ, ಆದರೆ ಅದೇ 400 ನನಗೆ ಕಲಿಸಿದ್ದನ್ನು ನೀನು ತಿಳಿಯದೆ ಕೆಲಸಕ್ಕೆ ಕೈ ಹಚ್ಚಬಾರದೆಂದು ಈ ಪತ್ರ.

1973ರ ತೈಲ ಬಿಕ್ಕಟ್ಟಿನ ನಂತರ ದೊಡ್ಡ ಎಂಜಿನ್ನಿನ ಕಾರುಗಳನ್ನು ಜನ ಕೈಬಿಡತೊಡಗಿದ್ದರಿಂದ, ಮಿಶಿಗನ್ನಿಗೆ ಹೊಸದಾಗಿ ಬಂದಿದ್ದ ನನ್ನಂಥವನ ಸಂಬಳಕ್ಕೂ ಅವು ಎಟುಕುತ್ತಿದ್ದವು. 1978ರ ಚಳಿಗಾಲದಲ್ಲಿ ನಾನೂ ಜೊತೆಯಲ್ಲಿ ವಾಸವಿದ್ದ ಗೆಳೆಯನೂ ಗ್ಯಾರೇಜಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ನನ್ನ 1969ರ ಶೆವ್ರೊಲೆ ಶೆವೆಲ್ ಕಾರಿನಿಂದ ಸವೆದ 350 ಘನ ಇಂಚಿನ ಎಂಜಿನ್ ಎತ್ತಿ, ಅಲ್ಲಿಗೆ 400 ಇಳಿಸಿದೆವು. ಎರಡೂ ಶೆವ್ರೊಲೆಯ ಒಂದೇ ಸ್ಮಾಲ್ ಬ್ಲಾಕ್ ಎಂಬ ವಿ-8 ವಂಶದವು. ಎಂಜಿನ್ನಿನ ಹಿಂದೆ ಗೇರ್‌ಬಾಕ್ಸಿಗೆ ಕೂಡಿಸುವ ತೆಳು ತಟ್ಟೆಯಾದ ಹಳೆಯ ಫ್ಲೆಕ್ಸ್‌ಪ್ಲೇಟನ್ನೂ, ಮುಂದೆ ನಡುಕ ತಗ್ಗಿಸುವ ಭಾರದ ಚಕ್ರವಾದ ಬ್ಯಾಲೆನ್ಸರನ್ನೂ ಹೊಸ ಎಂಜಿನ್ನಿಗೆ ಹಾಕಿದಾಗ ತೂತಿಗೆ ತೂತು ಕೂಡಿತು, ಬೋಲ್ಟು ಸಲೀಸಾಗಿ ಹತ್ತಿತು. ಅದನ್ನೇ ನಾನು ಹೊಂದಿಕೆಯೆಂದು ನಂಬಿದೆ.

ಕಾರು ಹೊರಟಿತು, ಆದರೆ ವೇಗ ಏರಿದಂತೆ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲವೂ ನಡುಗುತ್ತಿದ್ದವು. ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟ್ ಸಡಿಲವಿರಬೇಕೆಂದು ಅದನ್ನೇ ಬಿಗಿಮಾಡುತ್ತ ಮೂರು ವಾರ ಓಡಿಸಿದೆ. ಕೊನೆಗೆ ಬಿಚ್ಚಿ ನೋಡಿದರೆ ಫ್ಲೆಕ್ಸ್‌ಪ್ಲೇಟು ಬೋಲ್ಟುಗಳ ಸುತ್ತ ಸೀಳಿಹೋಗಿತ್ತು. 350ರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 3.48 ಇಂಚು, 400ರದು 3.75. ಅಷ್ಟು ಉದ್ದದ ಸ್ಟ್ರೋಕಿಗೆ ಬೇಕಾದ ಎದುರುಭಾರವನ್ನು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲೆಯೇ ಇಡಲು ಒಳಗೆ ಎಡೆ ಸಾಲದೆ, ಅದರ ಒಂದು ಪಾಲನ್ನು ಹೊರಗಿನ ಬ್ಯಾಲೆನ್ಸರಿಗೂ ಫ್ಲೆಕ್ಸ್‌ಪ್ಲೇಟಿಗೂ ಹಂಚಿದ್ದಾರೆ. ಆ ಎರಡನ್ನೂ ಬದಲಿಸಿ ನಾನು ಎಂಜಿನ್ನಿನ ಸಮತೋಲವನ್ನೇ ಕಿತ್ತೆಸೆದಿದ್ದೆ. ಆದ್ದರಿಂದ ನೀನು ಕೊಂಡ ಎಂಜಿನ್ನಿನೊಡನೆ ಅದರದೇ ಬ್ಯಾಲೆನ್ಸರ್, ಅದರದೇ ಫ್ಲೆಕ್ಸ್‌ಪ್ಲೇಟು ಬಂದಿವೆಯೇ ಎಂದು ಇಂದೇ ನೋಡು.

400ರಲ್ಲಿ ಪಕ್ಕಪಕ್ಕದ ಸಿಲಿಂಡರುಗಳ ಗೋಡೆಗಳು ಒಂದಕ್ಕೊಂದು ಕೂಡಿಕೊಂಡಿದ್ದು, ನಡುವೆ ನೀರು ಹರಿಯುವುದಿಲ್ಲ. ಅಲ್ಲಿ ಕಟ್ಟುವ ಹಬೆ ಹೊರಬರಲು ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನಲ್ಲಿ ಸಣ್ಣ ರಂಧ್ರಗಳಿರಬೇಕು. ಯಾರಾದರೂ 350ರ ಹೆಡ್ ಹಾಕಿ ಮಾರಿದ್ದರೆ ಅವು ಇಲ್ಲದಿರಬಹುದು. ಆರು ಸಿಲಿಂಡರಿನ ಮೌಂಟುಗಳು ವಿ-8ಕ್ಕೆ ಆಗವು, ರೇಡಿಯೇಟರೂ ಸಾಲದು. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ಇದ್ದರೆ, ಮುಂದಕ್ಕೆ ಡಿಸ್ಕ್ ಹಾಕಿಸುವ ತನಕ ಆ ಕಾರನ್ನು ರಸ್ತೆಗೆ ಇಳಿಸಬೇಡ. ಈ ಮಾತನ್ನು ದೊಡ್ಡಪ್ಪನ ಆಜ್ಞೆಯೆಂದೇ ತಿಳಿ.

ಗೇರ್‌ಬಾಕ್ಸ್ ಆಟೋಮ್ಯಾಟಿಕ್ ಆಗಿದ್ದರೆ, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಒಯ್ಯುವ ಟಾರ್ಕ್ ಕನ್ವರ್ಟರನ್ನು ಕೈಯಿಂದ ತಿರುಗಿಸುತ್ತ ಪೂರ್ತಿ ಒಳಗೆ ಕೂರಿಸು. ಗೇರ್‌ಬಾಕ್ಸು ಎಂಜಿನ್ನಿಗೆ ತಾನಾಗಿ ಅಂಟಿ ನಿಲ್ಲಬೇಕು. ಬೋಲ್ಟಿನ ಬಲದಿಂದ ಎಳೆದು ಕೂಡಿಸಿದರೆ ಒಳಗಿನ ಪಂಪು ಒಡೆಯುತ್ತದೆ.

ಇಳಿಸಿದ ಹಳೆಯ ಎಂಜಿನ್ನನ್ನು ಮಾರಬೇಡ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಮುಚ್ಚಿ ಇಡು. ಅದು ಆ ಕಾರಿನೊಡನೆ ಹುಟ್ಟಿದ್ದು. ಬ್ಯಾಲೆನ್ಸರಿನ ಫೋಟೋ ತೆಗೆದು ಈ ವಾರವೇ ಕಳುಹಿಸು, ನಾನು ನೋಡಿ ಹೇಳುವವರೆಗೆ ಕಾಯಿ.

ಇತಿ,
ನಿನ್ನ ದೊಡ್ಡಪ್ಪ