ಮಗಳಿಗೊಂದು ಪತ್ರ: ಎರಡು ಎಂಜಿನ್ನಿನ ಹಳೇ ವಿಮಾನ

ಕಲಬುರಗಿ
ಕಾರಹುಣ್ಣಿಮೆ ಮರುದಿನ

ಚಿ. ಸವಿತಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕೊಳ್ಳಬೇಕು ಅಂತಿರುವ ಹಳೇ ವಿಮಾನದ ಫೋಟೋಗಳನ್ನು ಮೂರು ಸಲ ನೋಡಿದೆ. ನಿಮ್ಮ ಅವ್ವ ಒಂದೇ ಸಲ ನೋಡಿ "ಬಣ್ಣ ಚಲೋ ಅದ" ಅಂದಳು. ನನಗೆ ಅಂಜಿಕೆ ಆಗಿದ್ದೇ ಆ ಬಣ್ಣ ನೋಡಿ. 1966ರ ವಿಮಾನ ಇಷ್ಟು ಹೊಳೆಯುತ್ತಿದೆ ಅಂದರೆ ಈಚೆಗೆ ಯಾರೋ ಪೇಂಟ್ ಹೊಡೆಸಿದ್ದಾರೆ. ಇಟ್ಟುಕೊಳ್ಳಲಿಕ್ಕೆ ಹೊಡೆಸಿದರೋ, ಮಾರಲಿಕ್ಕೆ ಹೊಡೆಸಿದರೋ, ಮೊದಲು ಅದನ್ನು ಕೇಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ ಅಪ್ಪಾ, ಗೊತ್ತು" ಅಂತ ಎರಡು ನಿಮಿಷಕ್ಕೆ ಮುಗಿಸಿಬಿಡುತ್ತೀ. ಕಾಗದಕ್ಕೆ ಅಡ್ಡ ಬಾಯಿ ಹಾಕಲಿಕ್ಕೆ ಬರುವುದಿಲ್ಲ, ಅಲ್ವಾ?

ನಾನು ಗ್ಯಾರೇಜ್ ಶುರು ಮಾಡಿದ ಹೊಸದು. ನೀನಿನ್ನೂ ಹುಟ್ಟಿರಲಿಲ್ಲ. ಸೇಡಂ ಕಡೆಯ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡೆ. ಕೆಂಪು ಬಣ್ಣ, ಹೊಸ ಸೀಟು, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ನಾನೇ ಮೇಸ್ತ್ರಿ, ನನಗೆ ಯಾರು ಟೋಪಿ ಹಾಕುತ್ತಾರೆ ಅನ್ನುವ ಸೊಕ್ಕು ಬೇರೆ. ಹನ್ನೊಂದನೇ ದಿನ ಬ್ಲಾಕಿನ ಪಕ್ಕದಿಂದ ನೀರು ಜಿನುಗಿತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಪೇಂಟಿನ ಕೆಳಗೆ ಗೇಣುದ್ದ ಬಿರುಕು, ಅದರ ತುಂಬ ಎಂ-ಸೀಲ್ ಮೆತ್ತಿದ್ದರು. ಉಗುರಿನಿಂದ ಕೆರೆದರೆ ಒಣಗಿದ ಹಿಟ್ಟಿನ ಹಾಗೆ ಎದ್ದು ಬಂತು. ಸಾಲದ್ದಕ್ಕೆ ಆ ಗಾಡಿಯ ಮೇಲೆ ಸಾಲವೂ ಇತ್ತು. ಅವತ್ತಿನಿಂದ ನಾನು ಹಳೇ ಗಾಡಿಯ ಮೈ ನೋಡುವುದಿಲ್ಲ. ಮೊದಲು ಕಾಗದ, ಆಮೇಲೆ ಎಣ್ಣೆ.

ಕಾಗದದ ವಿಷಯ ನಿಮ್ಮಲ್ಲಿ ಸುಲಭ. ಅಮೆರಿಕದ ವಿಮಾನಗಳ ನೋಂದಣಿಯೆಲ್ಲ ಒಕ್ಲಹೋಮ ಸಿಟಿಯಲ್ಲಿ ಒಂದೇ ಕಡೆ ಇದೆ ಅಂದೆಯಲ್ಲ, ಹೊಲ ಕೊಳ್ಳುವವರು ಪಹಣಿಯಲ್ಲಿ ಬೋಜಾ ನೋಡುವ ಹಾಗೆ ಅಲ್ಲಿ ಸಾಲ ಇದೆಯಾ ಅಂತ ತೆಗೆಸಿ ನೋಡು. ಗ್ರೀನ್ ಕಾರ್ಡ್ ಬಂದಿದ್ದಕ್ಕೇ ಈಗ ನಿನ್ನ ಹೆಸರಿಗೆ ಮಾಡಿಸಲಿಕ್ಕೆ ಬರುತ್ತದೆ ಅನ್ನುವುದೂ ಗೊತ್ತಾಯಿತು. ಹಾಗಂತ ಗ್ರೀನ್ ಕಾರ್ಡ್ ಬಂದ ಖುಷಿಗೆ ವಿಮಾನ ಕೊಳ್ಳುವವರನ್ನು ನಾನು ನಿನ್ನೊಬ್ಬಳನ್ನೇ ನೋಡಿದ್ದು.

ಟ್ವಿನ್ ಕಮಾಂಚಿ, ಅಂದರೆ ನೀನು ನೋಡಿಟ್ಟ ಈ ವಿಮಾನದ ಮಾಡೆಲ್, ಅದರ ಬಗ್ಗೆ ನೀನು ಕಳಿಸಿದ್ದನ್ನೆಲ್ಲ ಓದಿದೆ. ಮೊಮ್ಮಗ ಪ್ರಿಂಟ್ ತೆಗೆಸಿಕೊಟ್ಟ. ಪೈಪರ್ ಕಂಪನಿಯವರು ಅದನ್ನು ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಅನ್ನುವ ಊರಲ್ಲಿ ಮಾಡುತ್ತಿದ್ದರಂತೆ. 1972ರ ಜೂನ್‌ನಲ್ಲಿ ಚಂಡಮಾರುತದ ಮಳೆಗೆ ಹೊಳೆ ಉಕ್ಕಿ ಫ್ಯಾಕ್ಟರಿಯೊಳಗೆ ನುಗ್ಗಿತು. ಅಚ್ಚುಗಳೆಲ್ಲ ಹಾಳಾದವು, ಈ ಮಾಡೆಲ್ ಅಲ್ಲಿಗೇ ನಿಂತಿತು. ಓದುವಾಗ 2020ರ ಅಕ್ಟೋಬರ್ ನೆನಪಾಯಿತು. ಭೀಮೆ ಬಂದಾಗ ಅಫಜಲಪುರ ಕಡೆಯ ರೈತರ ಪಂಪ್‌ಸೆಟ್ಟುಗಳು ವಾರಗಟ್ಟಲೆ ನನ್ನ ಗ್ಯಾರೇಜಿನಲ್ಲಿ ಸಾಲಾಗಿ ಮಲಗಿದ್ದವು, ಒಳಗೆಲ್ಲ ಕಪ್ಪು ಮಣ್ಣು. ಐವತ್ತು ವರ್ಷದ ಹಿಂದೆ ನಿಂತುಹೋದ ಗಾಡಿಗೆ ಸಾಮಾನು ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಸಿಗುತ್ತದೆ ಅಂತ ವಿಚಾರಿಸು. ಒಂದು ಬಾಗಿಲ ಹಿಡಿಗೋಸ್ಕರ ವಿಮಾನ ಎರಡು ತಿಂಗಳು ಶೆಡ್ಡಿನಲ್ಲಿ ನಿಂತರೆ ಶೆಡ್ಡಿನ ಬಾಡಿಗೆ ನಿಲ್ಲುವುದಿಲ್ಲ.

ಲಾಗ್ ಬುಕ್ ಪುಟಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗಂಟೆಗಳಲ್ಲ, ತಾರೀಖುಗಳು. ಓವರ್‌ಹಾಲ್ ಆದಮೇಲೆ, ಅಂದರೆ ಪೂರ್ತಿ ಬಿಚ್ಚಿ ರಿಪೇರಿ ಮಾಡಿ ಜೋಡಿಸಿದ ಮೇಲೆ, ಎಡ ಎಂಜಿನ್ 700 ಗಂಟೆ ಓಡಿದೆ, ಬಲದ್ದು 900. ಮುಂದಿನ ಓವರ್‌ಹಾಲಿಗೆ ಕಂಪನಿ ಹೇಳುವ ಲೆಕ್ಕ 2000 ಗಂಟೆ. ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಅಂತ ಮಾರುವವರು ಹೇಳುತ್ತಾರೆ, ಹೇಳಲಿ. ಆದರೆ 2014ರಿಂದ 2019ರ ತನಕ ಆರು ವರ್ಷದಲ್ಲಿ ಅದು ಹಾರಿದ್ದು ಬರೀ 31 ಗಂಟೆ. ಆ ಆರು ವರ್ಷವೇ ನನಗೆ ನಿದ್ದೆ ಕೆಡಿಸಿದೆ.

ಯಾಕೆ ಅಂತ ಹೇಳುತ್ತೇನೆ. ಈ ಲೈಕಮಿಂಗ್ ಕಂಪನಿಯ ಎಂಜಿನ್ನಿನಲ್ಲಿ ವಾಲ್ವ್ ತೆಗೆಸುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ. ಎಂಜಿನ್ ಸುಮ್ನೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ. ತೇವ ತಾಗಿ ಸಣ್ಣಗೆ ತುಕ್ಕು ಕೂಡುತ್ತದೆ. ಮುಂದೆ ಯಾವತ್ತೋ ಸ್ಟಾರ್ಟ್ ಮಾಡಿದಾಗ ಆ ತುಕ್ಕು ಕ್ಯಾಮಿಗೆ ತಾಗಿರುವ ಟ್ಯಾಪೆಟ್ಟನ್ನು ಉಜ್ಜುಕಾಗದದ ಹಾಗೆ ತಿನ್ನಲಿಕ್ಕೆ ಹತ್ತುತ್ತದೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ. ಸಿಲಿಂಡರಿನ ಒತ್ತಡ ನೋಡುವ ಕಂಪ್ರೆಶನ್ ಟೆಸ್ಟ್ ಮಾಡಿದರೂ ಪಾಸಾಗಿಬಿಡಬಹುದು, ಅದು ಕ್ಯಾಮಿನ ಸುದ್ದಿ ಹೇಳುವುದಿಲ್ಲ. ಒಂದು ಸಿಲಿಂಡರ್ ಬಿಚ್ಚಿ ತೋರಿಸಲಿಕ್ಕೆ ಒಪ್ಪುತ್ತಾರಾ ಕೇಳು. ಒಪ್ಪದಿದ್ದರೆ ಆಯಿಲ್ ಫಿಲ್ಟರ್ ಆದರೂ ಕತ್ತರಿಸಿ ನೋಡಲೇಬೇಕು.

ಫಿಲ್ಟರ್ ನೋಡುವುದಕ್ಕೂ ಒಂದು ಪದ್ಧತಿ ಇದೆ. ಡಬ್ಬಿಯನ್ನು ಕಟರಿನಿಂದಲೇ ಬಿಚ್ಚಬೇಕು. ಗರಗಸ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ಮೋಸ ಮಾಡುತ್ತದೆ. ಒಳಗಿನ ಮಡಿಕೆ ಕಾಗದವನ್ನು ಸೀರೆ ನೆರಿಗೆ ಬಿಚ್ಚಿದ ಹಾಗೆ ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿ. ಹೊಳೆಯುವ ಕಣ ಇದ್ದರೆ ಕೆಳಗಿನಿಂದ ಅಯಸ್ಕಾಂತ ಆಡಿಸು. ಎದ್ದು ನಿಂತರೆ ಕಬ್ಬಿಣ, ಕ್ಯಾಮಿನ ಮೇಲೆ ಅನುಮಾನ. ಅಲ್ಲಾಡದಿದ್ದರೆ ಅಲ್ಯೂಮಿನಿಯಮ್ ಇರಬಹುದು, ಅದರ ದಾರಿ ಬೇರೆ. ಎರಡು ಎಂಜಿನ್, ಎರಡು ಫಿಲ್ಟರ್. ಒಂದನ್ನು ನೋಡಿ ಇನ್ನೊಂದೂ ಹಾಗೇ ಇರುತ್ತದೆ ಅಂದುಕೊಳ್ಳಬೇಡ.

ಇನ್ನೊಂದು ಮಾತು. ವರ್ಷಕ್ಕೊಮ್ಮೆ ಆ ವಿಮಾನದ ತಪಾಸಣೆ ಮಾಡುತ್ತಾ ಬಂದ ಮೆಕ್ಯಾನಿಕ್ ಹತ್ತಿರವೇ ನೀನೂ ನೋಡಿಸುತ್ತೇನೆ ಅಂದೆಯಲ್ಲ, ಅದು ಬೇಡ. ಅವರು ಎಷ್ಟೇ ಒಳ್ಳೆಯವರಿರಲಿ, ತಾವೇ ಸಹಿ ಹಾಕಿದ ಗಾಡಿಯಲ್ಲಿ ತಪ್ಪು ಹುಡುಕುವುದು ಯಾರಿಗೂ ಕಷ್ಟ. ನನಗೂ ಕಷ್ಟವೇ ಆಗುತ್ತಿತ್ತು. ಬೇರೆ ಊರಿನವರನ್ನು ಕರೆಸು, ದುಡ್ಡು ಹೋದರೆ ಹೋಗಲಿ.

ದುಡ್ಡಿನ ಲೆಕ್ಕವನ್ನು ಅಳಿಯಂದಿರು ಬರೆದು ಕಳಿಸಿದ್ದಾರೆ. ಚೆನ್ನಾಗಿದೆ. ಪೆಟ್ರೋಲು ಗಂಟೆಗೆ 16 ಗ್ಯಾಲನ್, ನಮ್ಮ ಲೆಕ್ಕದಲ್ಲಿ 60 ಲೀಟರ್. ಗ್ಯಾಲನ್ನಿಗೆ ಆರು ಡಾಲರ್ ಹಿಡಿದರೆ ಹತ್ತಿರ ಹತ್ತಿರ ನೂರು ಡಾಲರ್. (ಆ ಪೆಟ್ರೋಲಿನ ಫೋಟೋ ನೋಡಿ ನಿಮ್ಮ ಅವ್ವ "ಇದೇನು, ರೇಷನ್ ಸೀಮೆಎಣ್ಣಿ ಇದ್ದಂಗ ನೀಲಿ ಅದಲ್ಲ" ಅಂದಳು. ಇಷ್ಟು ತುಟ್ಟಿ ಎಣ್ಣೆಗೂ ಬಣ್ಣ ಹಾಕುತ್ತಾರೆ ಅಂದರೆ ಅವಳು ನಂಬಲಿಲ್ಲ.) ಆದರೆ ಅಳಿಯಂದಿರು ಒಂದು ಬಿಟ್ಟಿದ್ದಾರೆ. ಒಂದು ಎಂಜಿನ್ ಓವರ್‌ಹಾಲಿಗೆ 40 ಸಾವಿರ ಡಾಲರ್ ಅಂತ ನೀವೇ ಹೇಳಿದಿರಿ. ಅದನ್ನು 2000 ಗಂಟೆಗೆ ಹಂಚಿದರೆ ಗಂಟೆಗೆ 20, ಎರಡಕ್ಕೆ 40 ಡಾಲರ್. ಹಾರಿ ಇಳಿದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕಬೇಕು. ಪ್ರೊಪೆಲ್ಲರ್ ಎರಡು, ಪ್ಲಗ್ಗಿಗೆ ಕರೆಂಟ್ ಕೊಡುವ ಮ್ಯಾಗ್ನೆಟೋ ನಾಲ್ಕು, ಸ್ಪಾರ್ಕ್ ಪ್ಲಗ್ ಹದಿನಾರು. ರೆಕ್ಕೆಯೊಳಗಿನ ರಬ್ಬರ್ ಟ್ಯಾಂಕುಗಳಿಗೂ ವಯಸ್ಸಾಗಿರುತ್ತದೆ. ಎತ್ತು ಕೊಳ್ಳುವುದು ಒಂದು ದಿನದ ಖರ್ಚು, ಮೇವು ದಿನಾ.

ಎತ್ತಿನ ಮಾತು ಬಂತು. ನಿನ್ನೆ ಕಾರಹುಣ್ಣಿಮೆ. ಊರಲ್ಲಿ ನಿಮ್ಮ ಕಾಕಾನ ಎತ್ತುಗಳಿಗೆ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೆರವಣಿಗೆ ಎಲ್ಲ ಆಯಿತು. ಕಟ್ಟೆಯ ಮೇಲೆ ಕೂತು ಆ ಜೋಡಿಯನ್ನು ನೋಡುವಾಗಲೇ ನಿನಗೆ ಈ ಕಾಗದ ಬರೆಯಬೇಕು ಅನ್ನಿಸಿದ್ದು.

ಎರಡು ಎಂಜಿನ್ ಇದ್ದರೆ ಒಂದು ನಿಂತರೂ ಇನ್ನೊಂದು ಕರಕೊಂಡು ಬರುತ್ತದೆ ಅಂತ ನೀನು ಅವ್ವನಿಗೆ ಧೈರ್ಯ ಹೇಳಿದೆ. ಅವಳು ನಂಬಿದಳು. ನನಗೆ ಹಾಗೆ ಹೇಳಬೇಡ. ನಾನು ಹತ್ತು ವರ್ಷದವನಿದ್ದಾಗ ನಿನ್ನ ಅಜ್ಜನ ಬಂಡಿ ತೊಗರಿ ಚೀಲ ಹೇರಿಕೊಂಡು ಹಳ್ಳ ದಾಟುತ್ತಿತ್ತು. ನಡು ಹಳ್ಳದಲ್ಲಿ ಎಡದ ಎತ್ತು ಮಂಡಿ ಊರಿ ಕೂತುಬಿಟ್ಟಿತು. ಬಂಡಿ ಹೊಡೆಯುತ್ತಿದ್ದ ಆಳು ಗಾಬರಿಯಾಗಿ ಬಲದ ಎತ್ತಿಗೆ ಬಾರುಕೋಲು ಬೀಸಿದ. ಅದು ಬಲವಾಗಿ ಜಗ್ಗಿತು. ಬಂಡಿ ಮುಂದೆ ಹೋಗಲಿಲ್ಲ. ಕೂತ ಎತ್ತಿನ ಸುತ್ತ ಗರ್ರನೆ ತಿರುಗಿ, ಒಂದು ಗಾಲಿ ಎದ್ದು, ಚೀಲ ಸಮೇತ ಮಗ್ಗಲಾಯಿತು. ಅಜ್ಜ ನೀರಲ್ಲಿ ನಿಂತು ಅವನಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಕೂತಿದ್ದಕ್ಕೂ ಹೊಡಿಬ್ಯಾಡ, ನಿಂತಿದ್ದಕ್ಕೂ ಹೊಡಿಬ್ಯಾಡ. ಮೊದಲ ಹಗ್ಗ ಹಿಡಿ."

ನಿನ್ನ ಪುಸ್ತಕದಲ್ಲಿ ಇರುವುದೂ ಇದೇ. ವೇಗದ ಗಡಿಯಾರದಲ್ಲಿ ಗಂಟೆಗೆ 90 ಮೈಲಿ ಹತ್ತಿರ ಕೆಂಪು ಗೆರೆ, 105ಕ್ಕೆ ನೀಲಿ ಗೆರೆ, ಅಂದರೆ ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗ. ಒಂದು ಎಂಜಿನ್ ನಿಂತು, ಇನ್ನೊಂದು ಪೂರ್ತಿ ಜೋರಾಗಿ ಎಳೆಯುವಾಗ ವೇಗ ಕೆಂಪು ಗೆರೆಗಿಂತ ಇಳಿದರೆ ಬಾಲದ ಚುಕ್ಕಾಣಿಗೆ ಹಿಡಿದಿಡುವ ಶಕ್ತಿ ಇರುವುದಿಲ್ಲ. ಬದುಕಿರುವ ಎಂಜಿನ್ನೇ ವಿಮಾನವನ್ನು ತಿರುಗಿಸಿ ಮಗುಚುತ್ತದೆ, ನಮ್ಮ ಬಂಡಿಯ ಹಾಗೇ. ಆಗ ಮೂಗು ತಗ್ಗಿಸಿ, ಸರಿಯಿರುವ ಎಂಜಿನ್ನಿನ ಥ್ರಾಟಲ್ಲನ್ನೇ ಹಿಂದಕ್ಕೆ ಎಳೆಯಬೇಕಂತೆ. ಓದಲಿಕ್ಕೆ ಸುಲಭ. ನೆಲ ಮೇಲಕ್ಕೆ ಬರುತ್ತಿರುವಾಗ ಇರುವ ಒಂದು ಎಂಜಿನ್ನನ್ನೂ ಕಡಿಮೆ ಮಾಡು ಅಂದರೆ ಯಾವ ಕೈ ಕೇಳುತ್ತದೆ? ಅದಕ್ಕೇ ಅಷ್ಟು ಕೆಳಗೆ ಆ ವೇಗಕ್ಕೆ ಇಳಿಯಲೇಬೇಡ. ನೀಲಿ ಗೆರೆ ಮುಟ್ಟುವ ಮೊದಲು ರನ್‌ವೇ ಮೇಲೇ ಒಂದು ಕೈಕೊಟ್ಟರೆ ಎರಡೂ ಥ್ರಾಟಲ್ ಎಳೆದು ನಿಲ್ಲಿಸಿಬಿಡು. ಬೇಲಿಗೆ ಗುದ್ದಿದರೂ ಚಿಂತೆಯಿಲ್ಲ. ವಿಮಾನಕ್ಕೆ ವಿಮೆ ಇದೆ.

ಇನ್ನು ಅಂಕಿ ನೋಡು. ಎರಡೂ ಎಂಜಿನ್ ಇದ್ದಾಗ ನಿಮಿಷಕ್ಕೆ 1460 ಅಡಿ ಏರುತ್ತದೆ. ಒಂದೇ ಇದ್ದರೆ 260. ಅರ್ಧ ಶಕ್ತಿ ಹೋದರೆ ಅರ್ಧ ಏರಿಕೆ ಹೋಗಬೇಕಲ್ಲ ಅಂತ ನಾನೂ ಮೊದಲು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಸುಮ್ನೆ ಮಟ್ಟಸವಾಗಿ ಹಾರಲಿಕ್ಕೇ ಒಂದಷ್ಟು ಶಕ್ತಿ ಖರ್ಚಾಗುತ್ತದೆ, ಏರುವುದು ಉಳಿದದ್ದರಲ್ಲಿ. ಸಂಬಳ ಅರ್ಧವಾದರೆ ಮನೆ ಖರ್ಚು ಅರ್ಧವಾಗುತ್ತದಾ? ಉಳಿತಾಯವೇ ಹೋಗುವುದು. ಆ 260 ಕೂಡ ಸಮುದ್ರ ಮಟ್ಟದ್ದು, 15 ಡಿಗ್ರಿ ತಂಪಿನದ್ದು, ಹೊಸ ಎಂಜಿನ್ನಿನದ್ದು. ನಿಮ್ಮ ವಿಚಿಟಾ 1300 ಅಡಿ ಎತ್ತರದಲ್ಲಿದೆ, ಬೇಸಿಗೆಯಲ್ಲಿ 38 ಡಿಗ್ರಿ ಅನ್ನುತ್ತೀ. ಬಿಸಿ ಗಾಳಿ ತೆಳುವು. ನಾನು ಲೆಕ್ಕ ಹಾಕಿದೆ, ತುಂಬಿದ ಭಾರದಲ್ಲಿ ನಿಮಿಷಕ್ಕೆ ನೂರು ಅಡಿ ಸಿಕ್ಕರೆ ಪುಣ್ಯ. ಬಿಸಿಲು ಅಂದರೆ ಏನು ಅಂತ ಕಲಬುರಗಿಯವಳಿಗೆ ನಾನು ಹೇಳಬೇಕಾ? ಮಧ್ಯಾಹ್ನ ನಾಲ್ಕು ಜನ ತುಂಬಿಕೊಂಡು, ಟ್ಯಾಂಕ್ ತುಂಬಿಸಿಕೊಂಡು ಹೊರಡಬೇಡ. ನಸುಕಿನಲ್ಲಿ ಹೊರಡು.

ನಿಂತ ಎಂಜಿನ್ನಿನ ಪಂಖವನ್ನು ಫೆದರ್ ಮಾಡುವುದು, ಅಂದರೆ ಅದರ ಅಲಗುಗಳನ್ನು ಗಾಳಿಗೆ ಮಗ್ಗಲು ಮಾಡುವುದು, ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ನಿನ್ನಿಂದಲೇ. ಗಾಣಗಾಪುರಕ್ಕೆ ಜೀಪಿನಲ್ಲಿ ಹೋಗುವಾಗ ನೀನು ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದೆ. ಅಂಗೈ ಗಾಳಿಗೆ ಎದುರು ಹಿಡಿದರೆ ಕೈ ಹಿಂದಕ್ಕೆ ಹಾರುತ್ತಿತ್ತು, ಮಗ್ಗಲು ಮಾಡಿದರೆ ಗಾಳಿ ಸೀಳಿಕೊಂಡು ಸುಮ್ನೆ ನಿಲ್ಲುತ್ತಿತ್ತು. ನಾನು ಬೈಯುತ್ತಿದ್ದೆ. ಆದರೆ ಯಾವುದನ್ನು ಫೆದರ್ ಮಾಡುತ್ತಿದ್ದೀ ಅನ್ನುವುದನ್ನು ಎರಡು ಸಲ ನೋಡು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಮೇಲೇರಿದ ವಿಮಾನವೊಂದರ ಬಲ ಎಂಜಿನ್ ಕೈಕೊಟ್ಟಿತು, ಪೈಲಟ್ ಸರಿಯಿದ್ದ ಎಡದ್ದನ್ನು ಬಂದ್ ಮಾಡಿದರು. 43 ಜನ ಹೋದರು. ಕಲಿತವರೇ, ಅನುಭವಸ್ಥರೇ. ಅವಸರ ಅಷ್ಟೇ. ಚುಕ್ಕಾಣಿಯ ಪೆಡಲ್ ತುಳಿಯುವ ಕೆಲಸವಿಲ್ಲದೆ ಖಾಲಿಯಾದ ಕಾಲಿನ ಕಡೆಯದೇ ಸತ್ತ ಎಂಜಿನ್ ಅಂತ ನೀನು ಹೇಳಿದ ಸೂತ್ರ ಚೆನ್ನಾಗಿದೆ. ಅದಾದ ಮೇಲೂ ಆ ಥ್ರಾಟಲ್ಲನ್ನು ಮೆಲ್ಲಗೆ ಎಳೆದು ಏನೂ ಬದಲಾಗುವುದಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡೇ ಮುಂದಿನ ಕೆಲಸ.

ಬೇಡ ಅಂತ ಹೇಳಲಿಕ್ಕೆ ಇಷ್ಟೆಲ್ಲ ಬರೆಯಲಿಲ್ಲ. ಬೀದರಿನಲ್ಲಿ ಅಜ್ಜಿ ಮನೆಯ ಮಾಳಿಗೆ ಮೇಲೆ ನಿಂತು ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ವಿಮಾನ ಒಂದೇ ಗುಂಪಾಗಿ ಹೋಗುವುದನ್ನು ನೋಡಿ, ರೊಟ್ಟಿ ಕೈಯಲ್ಲೇ ಬಿಟ್ಟು ಕತ್ತು ನೋಯುವ ತನಕ ನಿಂತವಳು ನೀನು. ಇವಳು ಎಲ್ಲಿಗೋ ಹೋಗುತ್ತಾಳೆ ಅಂತ ಆವತ್ತೇ ಗೊತ್ತಾಗಿತ್ತು. ಈಗ ಸರಡಗಿ ಏರ್‌ಪೋರ್ಟಿನ ಕಡೆಯಿಂದ ತರಬೇತಿಯ ಸಣ್ಣ ವಿಮಾನಗಳು ಬರುತ್ತವೆ. ಗ್ಯಾರೇಜಿನ ಹುಡುಗರು ತಲೆ ಎತ್ತುವುದಿಲ್ಲ, ನಾನು ಸ್ಪ್ಯಾನರ್ ಕೆಳಗಿಟ್ಟು ನೋಡುತ್ತೇನೆ. ಶಬ್ದದಲ್ಲೇ ಒಂದು ಎಂಜಿನ್ನೋ ಎರಡೋ ಅಂತ ಹೇಳಬಲ್ಲೆ ಈಗ.

ಕೊಂಡರೆ ತಿಂಗಳಿಗೊಮ್ಮೆಯಾದರೂ ಮಾಸ್ತರರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಎತ್ತರದಲ್ಲಿ, ಒಂದೇ ಎಂಜಿನ್ನಿನ ಅಭ್ಯಾಸ ಮಾಡಬೇಕು. ಅದಕ್ಕೆ ಒಪ್ಪಿದರೆ ಮಾತ್ರ ನನ್ನ ಒಪ್ಪಿಗೆ. ಇದೊಂದರಲ್ಲಿ ಚೌಕಾಸಿ ಇಲ್ಲ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪಾರ್ಸೆಲ್ ಮಾಡಿದ್ದೇವೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಲಿಕ್ಕೆ ಜಾಗ ಇದೆಯಾ ಅಂತ ಅವ್ವ ಕೇಳುತ್ತಿದ್ದಾಳೆ. ಮಂಡಿನೋವು ಅವಳಿಗೆ, ಗೊತ್ತಲ್ಲ.

ಮುಂಗಡ ಕೊಡುವ ಮೊದಲು ಎರಡೂ ಫಿಲ್ಟರ್ ಕಾಗದ ಬಿಚ್ಚಿ ಫೋಟೋ ತೆಗೆದು ಕಳಿಸು. ಎಡದ್ದು ಯಾವುದು, ಬಲದ್ದು ಯಾವುದು ಅಂತ ಚೀಟಿ ಬರೆದು ಪಕ್ಕದಲ್ಲಿಡು. ಬಿಸಿಲಲ್ಲೇ ತೆಗೆ, ಫ್ಲ್ಯಾಶ್ ಹಾಕಬೇಡ.

ಇಂತಿ,
ನಿನ್ನ ಅಪ್ಪ